ಜೋಳದ ರೊಟ್ಟಿಗೆ ಬೇರೆ ಹಂಚು ಯಾಕೆ?

ನಮ್ಮ ಸಿರವಾರ ಕಡೆ ಊಟ ಅಂದರೆ ಜೋಳದ ರೊಟ್ಟಿ. ಜೋಳದಲ್ಲಿ ಗ್ಲುಟೆನ್ ಇಲ್ಲ. ಆದರೆ ಗೋಧಿ ಬೀಸಿದ ಗಿರಣಿಯಲ್ಲೇ ಜೋಳ ಬೀಸಿ, ಚಪಾತಿ ಸುಟ್ಟ ಹಂಚಿನಲ್ಲೇ ರೊಟ್ಟಿ ಸುಟ್ಟರೆ ಸೀಲಿಯಾಕ್ ಕಾಯಿಲೆ ಇರುವ ಮಗುವಿಗೆ ತೊಂದರೆ. ‘ಚೂರು ಹಿಟ್ಟಿಗೆ ಏನಾಗುತ್ತೆ?’ ಎನ್ನುವವರಿಗೆ ಈ ಕಾಯಿಲೆಯ ಇತಿಹಾಸವೇ ಉತ್ತರ.

1888ರಲ್ಲಿ ಲಂಡನ್ನಿನ ವೈದ್ಯ ಸ್ಯಾಮ್ಯುಯೆಲ್ ಜೀ, ಹೊಟ್ಟೆ ಉಬ್ಬಿ, ಭೇದಿಯಾಗಿ ಸೊರಗುವ ಮಕ್ಕಳ ಬಗ್ಗೆ ಬರೆದರು. ಮದ್ದು ಊಟದಲ್ಲೇ ಇದೆ ಎಂದರು. ಆದರೆ ತಪ್ಪು ಯಾವ ಕಾಳಿನದು ಎಂದು ಗೊತ್ತಾಗಲಿಲ್ಲ. ನೆದರ್‌ಲ್ಯಾಂಡ್ಸ್‌ನ ಮಕ್ಕಳ ವೈದ್ಯ ವಿಲೆಮ್ ಡಿಕೆ ಅವರಿಗೆ ಗೋಧಿಯ ಮೇಲೆ ಅನುಮಾನವಿತ್ತು. 1944-45ರ ಚಳಿಗಾಲದಲ್ಲಿ ಯುದ್ಧದಿಂದಾಗಿ ಅಲ್ಲಿ ಬ್ರೆಡ್ಡಿಗೆ ಬರ ಬಂತು. ಊರೆಲ್ಲ ಹಸಿದಾಗ ಈ ಮಕ್ಕಳು ಮಾತ್ರ ಚೇತರಿಸಿಕೊಂಡರು. 1950ರಲ್ಲಿ ಡಿಕೆ ಅದನ್ನು ಪ್ರಬಂಧವಾಗಿ ಮಂಡಿಸಿದರು. ಗೋಧಿಯ ಗ್ಲುಟೆನ್ನೇ ಕಾರಣ ಎಂಬುದು ಆಮೇಲೆ ಖಚಿತವಾಯಿತು.

ಇಂದಿಗೂ ಇದಕ್ಕೆ ಗುಳಿಗೆ ಇಲ್ಲ, ಪಥ್ಯವೇ ಔಷಧಿ. ‘ಗ್ಲುಟೆನ್ ಇಲ್ಲ’ ಎಂದು ಬರೆದು ಮಾರಲು ನಮ್ಮ ದೇಶದಲ್ಲಿ ಇರುವ ಮಿತಿ ಕಿಲೋಗೆ 20 ಮಿಲಿಗ್ರಾಂ. ಕೈಗೆ ಅಂಟಿದ ಹಿಟ್ಟೂ ಲೆಕ್ಕಕ್ಕೆ ಬರುತ್ತದೆ.

ಹಾಗಾಗಿ ಎಲ್ಲರೂ ಉಣ್ಣುವ ಮನೆಯಲ್ಲಿ ಆ ಮಗುವಿಗೆ ಬೇರೆ ಹಂಚು, ಬೇರೆ ಪರಾತ, ಬೇರೆ ಹಿಟ್ಟಿನ ಡಬ್ಬಿ ಇರಲಿ. ಮೊದಲು ಅದರ ರೊಟ್ಟಿ, ಆಮೇಲೆ ಚಪಾತಿ. ಜೋಳವನ್ನು ಮನೆಯ ಬೀಸುಕಲ್ಲಿನಲ್ಲೇ ಬೀಸಿ. ಇಂಗಿನ ಪುಡಿಯಲ್ಲೂ ಗೋಧಿ ಹಿಟ್ಟು ಬೆರೆಸಿರಬಹುದು, ಡಬ್ಬಿ ಓದಿ.

ಒಂದು ಮಾತು: ಅನುಮಾನವಿದ್ದರೆ ಪರೀಕ್ಷೆಗೆ ಮುಂಚೆ ಗೋಧಿ ಬಿಡಿಸಬೇಡಿ. ಬಿಡಿಸಿದರೆ ರಕ್ತ ಪರೀಕ್ಷೆಯಲ್ಲಿ ಕಾಯಿಲೆ ಕಾಣದೆ ಹೋಗಬಹುದು. ಮೊದಲು ವೈದ್ಯರಲ್ಲಿಗೆ, ಆಮೇಲೆ ಹಂಚಿನ ಅಂಗಡಿಗೆ.