ಆವೃತ್ತಿ ನಿಯಂತ್ರಣದಲ್ಲಿ ಫೈಲ್ ಅನುಮತಿಗಳು

ಯುನಿಕ್ಸ್ ಮಾದರಿಯ ವ್ಯವಸ್ಥೆಗಳಲ್ಲಿ ಪ್ರತಿ ಫೈಲಿಗೂ ಒಡೆಯ, ಗುಂಪು, ಓದುವ-ಬರೆಯುವ-ಚಲಾಯಿಸುವ ಅನುಮತಿ, ಕೊನೆಯದಾಗಿ ತಿದ್ದಿದ ಸಮಯ ಎಂಬ ವಿವರಗಳಿರುತ್ತವೆ. ಇವನ್ನು ಮೆಟಾಡೇಟಾ ಎನ್ನುವರು. ತಂತ್ರಾಂಶದ ಬದಲಾವಣೆಗಳನ್ನು ಕಾಯ್ದಿಡುವ ಆವೃತ್ತಿ ನಿಯಂತ್ರಣ ವ್ಯವಸ್ಥೆಗಳು ಇವುಗಳಲ್ಲಿ ಹೆಚ್ಚಿನವನ್ನು ಕೈಬಿಡುತ್ತಲೇ ಬಂದಿವೆ.

ಆರಂಭ: ಬೆಲ್ ಲ್ಯಾಬ್ಸ್‌ನಲ್ಲಿ ಮಾರ್ಕ್ ರಾಕ್‌ಕೈಂಡ್ 1972ರಲ್ಲಿ ಆರಂಭಿಸಿದ ಎಸ್‌ಸಿಸಿಎಸ್‌ನಲ್ಲಿ ಅನುಮತಿ ಬರೀ ಬೀಗದ ಗುರುತು, ತಿದ್ದುವುದಕ್ಕೆಂದು ಕೇಳಿ ಪಡೆಯದ ಪ್ರತಿಯನ್ನು ಓದಬಹುದಿತ್ತಷ್ಟೆ. 1980ರ ದಶಕದಲ್ಲಿ ವಾಲ್ಟರ್ ಟಿಖಿ ರೂಪಿಸಿದ ಆರ್‌ಸಿಎಸ್, ಅದರ ಮೇಲೆ ಬೆಳೆದ ಸಿವಿಎಸ್ ಎರಡೂ ಫೈಲು ಮೊದಲು ಸೇರಿದಾಗಿನ ಅನುಮತಿಯನ್ನೇ ಮುಂದುವರಿಸಿದವು. ಚಲಾಯಿಸುವ ಅನುಮತಿ ಕೊಡದೆ ಸೇರಿಸಿದ ಸ್ಕ್ರಿಪ್ಟನ್ನು ಸರಿಪಡಿಸಲು ಇತಿಹಾಸದ ಸಂಗ್ರಹವಾದ ರೆಪಾಸಿಟರಿಯೊಳಗಿನ ಫೈಲಿಗೇ ಕೈಹಾಕಬೇಕಿತ್ತು. ಒಡೆತನವನ್ನೂ ಅನುಮತಿಯನ್ನೂ ಉಳಿಸುವ ಆಯ್ಕೆ ಮುಂದೆ ಸಿವಿಎಸ್‌ಗೆ ಬಂತಾದರೂ ಬೇಕೆಂದು ಕೇಳದ ಹೊರತು ಅದು ಕೆಲಸ ಮಾಡುತ್ತಿರಲಿಲ್ಲ. ಸಬ್‌ವರ್ಷನ್ (1.0, 2004) ಚಲಾಯಿಸಬಹುದೇ ಎಂಬ ಒಂದು ಅನುಮತಿಯನ್ನು ಮಾತ್ರ ಇತಿಹಾಸವುಳ್ಳ ಗುಣವನ್ನಾಗಿಸಿತು.

ಗಿಟ್: ಗಿಟ್ ಅನುಮತಿಯನ್ನು ಉಳಿಸುವುದಿಲ್ಲವೆಂದೂ 644, 755 ಎಂದು (ಒಡೆಯ, ಗುಂಪು, ಇತರರಿಗೆ ತಲಾ ಒಂದು ಅಂಕಿ) ಉಳಿಸುತ್ತದೆಂದೂ ಎರಡು ಮಾತುಗಳಿವೆ. ಎರಡೂ ಅರ್ಧ ಸರಿ. 2005ರ ಏಪ್ರಿಲ್‌ನಲ್ಲಿ ಲಿನಸ್ ಟೊರ್ವಾಲ್ಡ್ಸ್ ಬರೆದ ಮೊದಲ ರೂಪ ಅನುಮತಿಯ ಎಲ್ಲ ಅಂಕಿಗಳನ್ನೂ ದಾಖಲಿಸುತ್ತಿತ್ತು. ಆದರೆ ಹೊಸ ಫೈಲಿನ ಅನುಮತಿಯನ್ನು ಆಯಾ ಬಳಕೆದಾರರ ಯುಮಾಸ್ಕ್ ನಿರ್ಧರಿಸುತ್ತದೆ: ಅದು 022 ಇದ್ದಲ್ಲಿ 644, 002 ಇದ್ದಲ್ಲಿ 664. ಹಾಗಾಗಿ ಒಂದಕ್ಷರ ತಿದ್ದದಿದ್ದರೂ ಫೈಲು ಬದಲಾದಂತೆ ಕಾಣುತ್ತಿತ್ತು. ಅದೇ ತಿಂಗಳು ಟೊರ್ವಾಲ್ಡ್ಸ್ ನಿಯಮ ಬದಲಿಸಿದರು: ಒಡೆಯ ಚಲಾಯಿಸಬಹುದಾದರೆ 755, ಇಲ್ಲದಿದ್ದರೆ 644. ಅಂದರೆ ಅಂಕಿ ಮೂರಾದರೂ ಅದು ಹೇಳುವುದು ಹೌದು, ಅಲ್ಲ ಎಂಬುದನ್ನಷ್ಟೆ. ಹೊರತೆಗೆದ ಫೈಲಿನ ಉಳಿದ ಅನುಮತಿಗಳು ಅಲ್ಲಿನ ಯುಮಾಸ್ಕ್‌ಗೆ ಬಿಟ್ಟದ್ದು. ಆರಂಭದ ದಿನಗಳ 664 ದಾಖಲೆಗಳು ಹಳೆಯ ಇತಿಹಾಸಗಳಲ್ಲಿ ಉಳಿದಿರುವುದರಿಂದ ಗಿಟ್‌ನ ತಪಾಸಣಾ ಆದೇಶ ಅವನ್ನೂ ಒಪ್ಪಿಕೊಳ್ಳುತ್ತದೆ. ಅದೇ ವರ್ಷ ಹುಟ್ಟಿದ ಮರ್ಕ್ಯುರಿಯಲ್‌ನಲ್ಲೂ ಸಾಮಾನ್ಯ ಫೈಲಿಗೆ ಇದೊಂದೇ ಗುರುತು.

ಸಮಯವನ್ನು ಗಿಟ್ ಕಮಿಟ್‌ಗೆ (ಒಮ್ಮೆಗೆ ದಾಖಲಾದ ಬದಲಾವಣೆಗಳ ಕಂತಿಗೆ) ದಾಖಲಿಸುತ್ತದೆ, ಫೈಲಿಗಲ್ಲ. ಇದಕ್ಕೆ ಕಾರಣ ಮೇಕ್‌ನಂಥ ಸಾಧನಗಳು: ತಿದ್ದಿದ ಸಮಯ ನೋಡಿಯೇ ಯಾವುದನ್ನು ಮತ್ತೆ ಕಂಪೈಲ್ ಮಾಡಬೇಕೆಂದು ಅವು ತೀರ್ಮಾನಿಸುತ್ತವೆ. ಹಳೆಯ ಆವೃತ್ತಿಗೆ ಮರಳಿದಾಗ ಹಳೆಯ ಸಮಯವೂ ಮರಳಿದರೆ ಕಂಪೈಲ್ ಆಗಬೇಕಾದದ್ದು ಹಾಗೇ ಉಳಿದೀತು.

ಪೂರಕ ಸಾಧನಗಳು: ಲಿನಕ್ಸ್ ಸರ್ವರುಗಳ ಸಂರಚನಾ ಫೈಲುಗಳಿರುವ ಎಟ್ಸಿ ಡೈರೆಕ್ಟರಿಯನ್ನು ಗಿಟ್‌ನಲ್ಲಿಡತೊಡಗಿದಾಗ, ಒಡೆತನವೂ ಪೂರ್ಣ ಅನುಮತಿಯೂ ಉಳಿಯದ ಕೊರತೆ ಸುರಕ್ಷತೆಯ ಪ್ರಶ್ನೆಯಾಯಿತು. ಪಾಸ್‌ವರ್ಡ್ ಹ್ಯಾಶ್‌ಗಳಿರುವ ಶ್ಯಾಡೋ ಫೈಲು ಅಲ್ಲೇ ಇದೆ. ಯುಮಾಸ್ಕ್ 022 ಇದ್ದಾಗ ಗಿಟ್‌ನಿಂದ ಹೊರತೆಗೆದರೆ ಅದನ್ನು ಎಲ್ಲರೂ ಓದಬಹುದು. ಜೋಯಿ ಹೆಸ್ 2007ರಲ್ಲಿ ಬರೆದ ಎಟ್ಸಿಕೀಪರ್ ಪ್ರತಿ ಕಮಿಟ್‌ಗೆ ಮುನ್ನ ಒಡೆತನ, ಅನುಮತಿಗಳನ್ನು ಆದೇಶಗಳ ರೂಪದಲ್ಲಿ ಒಂದು ಪಠ್ಯ ಫೈಲಿಗೆ ಬರೆದು, ಅದನ್ನೂ ಕಮಿಟ್‌ಗೆ ಸೇರಿಸುತ್ತದೆ. ಗಿಟ್‌ನ ದಾಖಲೆ ಪದ್ಧತಿಯನ್ನು ಮುಟ್ಟದೆ ಆದ ಪರಿಹಾರವಿದು. ಆದರೆ ಹಳೆಯ ಆವೃತ್ತಿಗೆ ಮರಳಿದ ಮೇಲೆ ಈ ಆದೇಶಗಳನ್ನು ಮತ್ತೆ ಜಾರಿಗೊಳಿಸುವ ಕೆಲಸ ನಿರ್ವಾಹಕರ ಪಾಲಿಗೆ ಉಳಿಯುತ್ತದೆ.