ಲಾರಾನ ಪಟ, ಜೀನ್ ಟಿಯರ್ನಿಯ ಕೂಸು

1944ರಾಗ ಬಂದ 'ಲಾರಾ' ಅನ್ನೋ ಅಮೆರಿಕಾದ ಕಪ್ಪು-ಬಿಳುಪು ಸಿನೆಮಾ ನೋಡೀರೇನು? ನೋಡಿಲ್ಲಂದ್ರ ಹೆದರಬ್ಯಾಡ್ರಿ, ಕೊಲಿ ಮಾಡಿದವರು ಯಾರಂತ ನಾ ಹೇಳೂದಿಲ್ಲ.

ನ್ಯೂಯಾರ್ಕಿನಾಗ ಜಾಹೀರಾತಿನ ಕೆಲಸದಾಗ ಹೆಸರು ಮಾಡಿದ ಲಾರಾ ಕೊಲಿ ಆಗ್ಯಾಳ. ತನಿಖೆಗೆ ಬಂದ ಪೊಲೀಸಪ್ಪ ಆಕಿ ಮನ್ಯಾಗ ಕೂತು ಆಕಿ ಪತ್ರ ಓದಕೋತ, ಗ್ವಾಡಿ ಮ್ಯಾಲಿನ ಆಕಿ ಪಟ ನೋಡಕೋತ ಸತ್ತಾಕಿ ಮ್ಯಾಲೇ ಮನಸ್ಸಿಡತಾನ. ಒಂದಿನ ರಾತ್ರಿ ಅಲ್ಲೇ ಕುರ್ಚ್ಯಾಗ ನಿದ್ದಿ ಹತ್ತಿರತದ, ಬಾಗಲಾ ತಗದು ಲಾರಾನೇ ಒಳಗ ಬರತಾಳ! ಮುಂದಿಂದು ನೀವ ನೋಡ್ರಿ.

ಆ ಪಟ ಖರೇ ಚಿತ್ರ ಅಲ್ಲ. ಫೋಟೋ ದೊಡ್ಡದು ಮಾಡಿಸಿ ಮ್ಯಾಲೆ ಬಣ್ಣದ ಕುಂಚ ಆಡಿಸ್ಯಾರ. ನಿರ್ದೇಶಕನೂ ನಡುವ ಬದಲಾದ, ಮಮೂಲಿಯನ್ ಹೋಗಿ ಒಟ್ಟೊ ಪ್ರೆಮಿಂಜರ್ ಬಂದ. ಛಾಯಾಗ್ರಹಣಕ್ಕ ಆಸ್ಕರ್ ಸಿಕ್ತು.

ನನ್ನ ಜೀವ ಮರಗೂದು ಲಾರಾ ಆದ ಜೀನ್ ಟಿಯರ್ನಿ ಸಲುವಾಗಿ. ಆಗ ಆಕಿಗೆ 23 ವರ್ಷ. 1943ರ ಅಕ್ಟೋಬರದಾಗ ಮಗಳು ಡಾರಿಯಾ ಹುಟ್ಟಿದ್ಲು, ದಿನಾ ತುಂಬೂಕಿಂತ ಮೊದಲ. ಕಿವಿ ಕೇಳಸ್ತಿದ್ದಿಲ್ಲ, ಕಣ್ಣಾಗ ಪೊರಿ, ಬುದ್ಧಿನೂ ಬೆಳೀಲಿಲ್ಲ. ಬಸರಾದ ಹೊಸದಾಗಿ ಜೀನ್‌ಗ ರುಬೆಲ್ಲಾ ಬಂದಿತ್ತು. ದಡಾರದ ಹಂಗ ಮೈಮ್ಯಾಲೆ ಕೆಂಪು ಗುಳ್ಳಿ ಎದ್ದು ಹೋಗೂ ಬ್ಯಾನಿ, ಆದ್ರ ಹೊಟ್ಟ್ಯಾಗಿನ ಕೂಸಿಗೆ ಘಾತ. ಹಿಂಗಾಗತದ ಅಂತ ಆಸ್ಟ್ರೇಲಿಯಾದ ಕಣ್ಣಿನ ಡಾಕ್ಟರ್ ನಾರ್ಮನ್ ಗ್ರೆಗ್ ಹೇಳಿದ್ದು 1941ರಾಗ, ಅಂದ್ರ ಬರೇ ಎರಡು ವರ್ಷ ಮೊದಲ.

ಮುಂದ ಒಬ್ಬಾಕಿ ಅಭಿಮಾನಿ ಎದುರಾಗಿ, ಯುದ್ಧದ ವ್ಯಾಳ್ಯಾಕ್ಕ ತಾನು ಸೈನ್ಯದಾಗಿದ್ದೆ, ರುಬೆಲ್ಲಾ ಬಂದು ಹೊರಗ ಹೋಗಬ್ಯಾಡಂದ್ರೂ ನಿಮ್ಮನ್ನ ನೋಡಾಕ ಹಾಲಿವುಡ್ ಕ್ಯಾಂಟೀನಿಗೆ ತಪ್ಪಿಸಿಕೊಂಡು ಬಂದಿದ್ದೆ ಅಂತ ನಕ್ಕೋತ ಹೇಳಿದ್ಲಂತ. ಜೀನ್ ಒಂದು ಮಾತು ಆಡದನ ಹೊಳ್ಳಿ ನಡದ್ಲು. ಇದನ್ನ 1979ರ ಆತ್ಮಕಥಿಯೊಳಗ ಆಕೀನ ಬರದಾಳ. ನಾನಾಗಿದ್ರ ಬಾಯಿ ಮುಚ್ಚಿಕೊಂಡಿರತಿದ್ದೆನೋ ಇಲ್ಲೋ! ಅಗಾಥಾ ಕ್ರಿಸ್ಟಿಯ 1962ರ ಒಂದು ಕಾದಂಬರಿಗೆ ಇದ ಮೂಲ ಅಂತಾರ. ಹೆಸರು ಹೇಳಿದ್ರ ಅಲ್ಲಿ ಕೊಲಿಗಾರರು ಗೊತ್ತಾಗಿಬಿಡತಾರ, ಬ್ಯಾಡ.

ಮಗಳನ್ನ ಸಂಸ್ಥಾದಾಗ ಇಡಬೇಕಾತು. ಜೀನ್ ಮುಂದ ಮನೋರೋಗದಾಗ ಬಿದ್ದು, ವಿದ್ಯುತ್ ಶಾಕ್ ತಿಂದು, ಎಷ್ಟೋ ನೆನಪು ಕಳಕೊಂಡ್ಲು. 1991ರಾಗ ಹ್ಯೂಸ್ಟನ್ನಿನಾಗ ತೀರಿಕೊಂಡ್ಲು.

ರುಬೆಲ್ಲಾ ಲಸಿಕೆ ಅಮೆರಿಕಾಕ್ಕ ಬಂದದ್ದು 1969ರಾಗ. ನಮ್ಮ ಕರ್ನಾಟಕದಾಗ 2017ರ ಫೆಬ್ರುವರಿಯಾಗ 9 ತಿಂಗಳಿಂದ 15 ವರ್ಷದ ತನಕದ ಎಲ್ಲಾ ಮಕ್ಕಳಿಗೂ ದಡಾರ-ರುಬೆಲ್ಲಾ ಚುಚ್ಚುಮದ್ದು ಹಾಕಿದ್ರಲ್ಲ, ಇದ ಅದು. ಗಂಡುಹುಡುಗುರಿಗ್ಯಾಕ ಬೇಕು ಅಂತ ಆಗ ನಮ್ಮ ಓಣ್ಯಾಗ ಕೇಳಿದ್ರು. ಬ್ಯಾನಿ ಅವರಿಂದನೂ ಹರಡತದ್ರಿ, ಬಾಜೂಕ ಬಸರಿ ನಿಂತಿದ್ರ ಅವರಿಗೇನು ಗೊತ್ತಾಗತದ?