ಕಿಸೆಚಾಕುವಿನ ಕೀಲು

ನನ್ನ ಬಲಗೈ ತೋರುಬೆರಳಿನ ಮೇಲೆ ಅರ್ಧ ಅಂಗುಲದ ಒಂದು ಬಿಳಿಯ ಗೆರೆಯಿದೆ. ಪ್ರೌಢಶಾಲೆಯ ದಿನಗಳಲ್ಲಿ ತಂದೆಯವರ ಮಡಚುವ ಚಾಕುವನ್ನು ಹೇಳದೆ ಎತ್ತಿಕೊಂಡು ಹೋಗಿ, ಬಿದಿರಿನ ಗಿಣ್ಣಿಗೆ ಅದರ ಮೊನೆಯನ್ನು ಬಲವಾಗಿ ಒತ್ತಿದ್ದೆ. ಅಲಗು ಹಿಮ್ಮರಳಿ ಬೆರಳನ್ನೇ ಕಚ್ಚಿತು. ತಂದೆಯವರು ಗದರಲಿಲ್ಲ, ಗಾಯಕ್ಕೆ ಅರಿಸಿನ ಮೆತ್ತಿ, “ಇದು ಕೊಯ್ಯೋಕೆ ಕಣಪ್ಪ, ಚುಚ್ಚೋಕಲ್ಲ” ಎಂದಷ್ಟೇ ಹೇಳಿದರು.

ಕಳೆದ ವರ್ಷ ಮೊಮ್ಮಗ ಬಂದು, “ತಾತ, ದಿನಾ ಜೇಬಲ್ಲಿಟ್ಟುಕೊಳ್ಳೋಕೆ ಒಂದು ಚಾಕು ಬೇಕು, ಯಾವುದು ತಗೊಳ್ಳಲಿ?” ಎಂದು ಕೇಳಿದಾಗ ನನಗೆ ಮೊದಲು ನೆನಪಾದದ್ದು ಈ ಗೆರೆಯೇ. ಅವನಿಗೆ ಉತ್ತರ ಹೇಳಬೇಕೆಂದು ಹೊರಟವನು ಚಾಕುವಿನ ಇತಿಹಾಸವನ್ನೇ ಕೆದಕುತ್ತ ಕುಳಿತೆ.

ಚಾಕುವನ್ನು ಮಡಚಬೇಕೆಂಬ ಯೋಚನೆ ತೀರ ಹಳೆಯದು. ಆಸ್ಟ್ರಿಯದ ಹಾಲ್‌ಸ್ಟಾಟ್‌ನಲ್ಲಿ ದೊರೆತ, ಮೂಳೆಯ ಹಿಡಿಯುಳ್ಳ ಮಡಚುವ ಚಾಕುವೊಂದನ್ನು ಕ್ರಿಸ್ತಪೂರ್ವ 6ನೆಯ ಶತಮಾನದ ಸುಮಾರಿನದೆಂದು ಹೇಳುತ್ತಾರೆ. ಕೇಂಬ್ರಿಜ್‌ನ ಫಿಟ್ಸ್‌ವಿಲಿಯಂ ವಸ್ತುಸಂಗ್ರಹಾಲಯದಲ್ಲಿ ರೋಮನರ ಕಾಲದ ಬೆಳ್ಳಿಯ ಸಾಧನವೊಂದಿದೆ. ಚಮಚ, ಮುಳ್ಳುಚಮಚ, ಕಡ್ಡಿ, ಚಾಕು ಎಲ್ಲವೂ ಅದರಲ್ಲಿ ಒಟ್ಟಿಗೆ ಮಡಚಿ ಕೂರುತ್ತವೆ. ನೆರೆಯ ತಮಿಳುನಾಡಿನಲ್ಲಿ ಓಲೆಗರಿಯ ಮೇಲೆ ಬರೆಯುತ್ತಿದ್ದವರ ಬಳಿ ‘ಮಡಕ್ಕೆಳುತ್ತಾಣಿ’ ಎಂಬುದಿತ್ತು: ಅಕ್ಷರ ಕೊರೆಯುವ ಕಂಠ, ಗರಿ ಸವರುವ ಅಲಗು, ಎರಡಕ್ಕೂ ಒಂದೇ ಹಿಡಿ. ಇಂಗ್ಲಿಷರ ‘ಪೆನ್‌ನೈಫ್’ ಕೂಡ ಹಕ್ಕಿಗರಿಯ ಲೇಖನಿಯನ್ನು ಹೆರೆಯುವುದಕ್ಕೆಂದೇ ಹುಟ್ಟಿದ್ದು. ಮೊದಮೊದಲು ಅದು ಮಡಚುತ್ತಲೂ ಇರಲಿಲ್ಲ. ಬರಹಗಾರನಿಗೂ ಚಾಕುವಿಗೂ ಇಂಥ ಹಳೆಯ ನಂಟಿರುವುದು ನನಗಂತೂ ಹಿತವೆನಿಸಿತು.

ಆದರೆ ಮಡಚುವ ಗುಣವೇ ಈ ಚಾಕುವಿನ ದೌರ್ಬಲ್ಯ. ಸಾದಾ ಹಳೆಯ ಚಾಕುಗಳಲ್ಲಿ ಅಲಗನ್ನು ತಡೆದು ನಿಲ್ಲಿಸುತ್ತಿದ್ದುದು ಕೀಲಿನ ಬಿಗುವೊಂದೇ. ಆಮೇಲೆ ಹಿಡಿಯ ಬೆನ್ನಿಗೆ ಉಕ್ಕಿನ ಸ್ಪ್ರಿಂಗ್ ಪಟ್ಟಿ ಬಂದು ಅಲಗಿನ ಬುಡವನ್ನು ಅದುಮಿ ಹಿಡಿಯಿತು. ಚಾಕು ತೆರೆದಾಗ ಕೇಳಿಸುವ ‘ಟಕ್’ ಎಂಬ ಸದ್ದು ಅದರದೇ. ನನ್ನ ತಂದೆಯವರದು ಈ ಜಾತಿಯ ಚಾಕು. ಆ ಸ್ಪ್ರಿಂಗ್ ಅದುಮುತ್ತದೆಯೇ ಹೊರತು ಬೀಗ ಹಾಕುವುದಿಲ್ಲ.

ಮೊಮ್ಮಗನ ಕಣ್ಣಿದ್ದದ್ದು ಕೆಂಪು ಹಿಡಿಯ ಸ್ವಿಸ್ ಚಾಕುವಿನ ಮೇಲೆ. 1889ರ ಮಾದರಿಯ ಬಂದೂಕನ್ನು ಬಿಚ್ಚುವುದಕ್ಕೂ ಡಬ್ಬಿಯ ಆಹಾರವನ್ನು ತೆರೆಯುವುದಕ್ಕೂ ಸೈನಿಕನಿಗೆ ಒಂದೇ ಸಾಧನವಿರಲೆಂದು ಸ್ವಿಟ್ಜರ್ಲೆಂಡಿನ ಸೇನೆ ಬಯಸಿತು. ಮೊದಲ ಚಾಕುಗಳನ್ನು ಜರ್ಮನಿಯ ಜೋಲಿಂಗನ್‌ನಿಂದ ತರಿಸಬೇಕಾಯಿತು. 1891ರಲ್ಲಿ ಈಬಾಖ್ ಊರಿನ ಕಾರ್ಲ್ ಎಲ್ಸೆನರ್ ಆ ಕೆಲಸವನ್ನು ತನ್ನ ನಾಡಿಗೆ ತಂದ. 1897ರಲ್ಲಿ ಇನ್ನಷ್ಟು ಹಗುರವಾದ, ಎರಡನೆಯ ಅಲಗೂ ಬಿರಡೆ ತೆಗೆಯುವ ತಿರುಪೂ ಇರುವ ‘ಅಧಿಕಾರಿಗಳ ಚಾಕು’ವನ್ನು ನೋಂದಾಯಿಸಿದ. ಸೇನೆ ಅದನ್ನು ವಿತರಿಸಲಿಲ್ಲ. ಅಧಿಕಾರಿಗಳು ಸ್ವಂತ ಹಣ ತೆತ್ತು ಕೊಂಡರು. ಲೋಕಪ್ರಸಿದ್ಧವಾದದ್ದು ಸರಕಾರ ಕೊಡದೆ ಹೋದ ಆ ಚಾಕುವೇ! ಅದರ ಸಾಮಾನ್ಯ ಮಾದರಿಯಲ್ಲಿ ಇಂದಿಗೂ ಅಲಗನ್ನು ಹಿಡಿದಿರುವುದು ಬೆನ್ನಿನ ಸ್ಪ್ರಿಂಗೇ.

ಆಲ್ಪ್ಸ್ ಸೀಮೆಯದೇ ಆದ ಫ್ರಾನ್ಸಿನ ಸವೊಯ್‌ನಲ್ಲಿ ಜೋಸೆಫ್ ಒಪಿನೆಲ್ 1890ರಲ್ಲಿ ರೈತರಿಗಾಗಿ ಮರದ ಹಿಡಿಯ, ಒಂದೇ ಅಲಗಿನ ಚಾಕು ಮಾಡಿದ. 1897ರ ಹೊತ್ತಿಗೆ ಅದು 1ರಿಂದ 12ರವರೆಗಿನ ಅಳತೆಗಳಲ್ಲಿ ಬಂತು. 1955ರಲ್ಲಿ ಮಾರ್ಸೆಲ್ ಒಪಿನೆಲ್ ಅದರ ಕತ್ತಿಗೆ ತಿರುಗಿಸುವ ಉಕ್ಕಿನ ಬಳೆಯೊಂದನ್ನು ತೊಡಿಸಿದ. ತಿರುಗಿಸಿದರೆ ಅಲಗು ಮಡಚದು. ನನ್ನ ಬೆರಳಿಗೆ ಬೇಕಾಗಿದ್ದದ್ದು ಆ ಬಳೆ. ಹಾಗೆಂದು ಅದು ನಿರ್ದೋಷಿಯೇನಲ್ಲ. ಮರದ ಹಿಡಿ ತೇವ ಕುಡಿದರೆ ಉಬ್ಬಿ ಅಲಗನ್ನು ಬಿಗಿಹಿಡಿಯುತ್ತದೆ. ಆಗ ಸವೊಯ್‌ನವರು ಹಿಡಿಯ ಹಿಂತುದಿಯನ್ನು ಗಟ್ಟಿಯಾದುದಕ್ಕೆ ಕುಟ್ಟಿ ಅಲಗನ್ನು ಹೊರಡಿಸುತ್ತಾರೆ. ನಮ್ಮ ಮಲೆನಾಡಿನ ಆಷಾಢದಲ್ಲಿ ಎಷ್ಟು ಸಲ ಕುಟ್ಟಬೇಕಾದೀತೋ!

ಇದೆಲ್ಲವನ್ನೂ ಹೇಳಿ, “ಅಲಗು ಎಷ್ಟಿವೆ ಅಂತ ಎಣಿಸಬೇಡ, ತೆರೆದು ಅಲುಗಾಡಿಸಿ ಕೀಲು ನೋಡು” ಎಂದೆ. ಅವನು ಕೆಂಪು ಹಿಡಿಯದನ್ನೇ ತಂದ. “ಇದರಲ್ಲಿ ಕತ್ತರೀನೂ ಇದೆ ತಾತ!” ನಾನು ಮಾತಾಡದೆ ಬೆರಳು ತೋರಿಸಿದೆ.

ಮರುವಾರ ಅಂಗಳದಲ್ಲಿ ಕುಳಿತು ಅವನು ಗಾಳಿಪಟಕ್ಕೆ ಬಿದಿರು ಸೀಳುತ್ತಿದ್ದ. ಗಿಣ್ಣು ಬಂದಲ್ಲಿ ಕೈ ನಿಲ್ಲಿಸಿ, ಚಾಕುವನ್ನು ಮಡಚಿಟ್ಟು, ಒಳಗಿನಿಂದ ಮಚ್ಚು ತಂದ.